ಸಾಲ ಕೈಮೀರಿದಾಗ: ನಾಚಿಕೆ ದಾಟಿ ನೆರವು ಪಡೆಯುವ ಬಗೆ

ಮಂಡ್ಯ ಸೀಮೆಯಲ್ಲಿ ಸಾಲ ಮಾಡೋದು ಯಾರಿಗೂ ನಾಚಿಕೆಯ ವಿಷಯ ಅಲ್ಲ. ಕಬ್ಬು ಹಾಕುವಾಗ ಸಾಲ, ಬೋರ್ ಕೊರೆಸುವಾಗ ಸಾಲ, ಮಗಳ ಮದುವೆಗೆ ಸಾಲ. ಸೊಸೈಟಿಯಲ್ಲಿ ಸಾಲ ಮಂಜೂರಾಯಿತು ಅಂದರೆ ಜೊತೆಯಲ್ಲಿದ್ದವರಿಗೆ ಕಾಫಿ ಕೊಡಿಸುತ್ತಾರೆ. ನಾಚಿಕೆ ಶುರುವಾಗುವುದು ಕಂತು ತಪ್ಪಿದ ಮೇಲೆ. ಆಮೇಲೆ ಮನುಷ್ಯ ಪೇಟೆ ಬೀದಿ ಬಿಟ್ಟು ಹಿಂದಿನ ಗಲ್ಲಿಯಲ್ಲಿ ಮನೆಗೆ ಹೋಗುತ್ತಾನೆ. ಫೋನ್ ಸೈಲೆಂಟ್‌ಗೆ ಹಾಕುತ್ತಾನೆ. ಹೆಂಡತಿ ಕೇಳಿದರೆ "ಯಾವುದೋ ಕಂಪನಿ ಕಾಲ್ ಕಣೇ" ಅನ್ನುತ್ತಾನೆ.

ನಾನು ಬಹಳ ವರ್ಷ ಸಹಕಾರ ಸಂಘದಲ್ಲಿ ಲೆಕ್ಕ ಬರೆದವನು. ಸಾಲ ಕೊಡುವವರ ಕಡೆಯ ಕುರ್ಚಿಯಲ್ಲಿ ಕೂತು ನೋಡಿದ್ದರಿಂದ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ನಾಚಿಕೆಗೆ ರೂಪಾಯಿ ಲೆಕ್ಕದಲ್ಲಿ ಬೆಲೆ ಇದೆ. ನಾಚಿಕೆಪಡುವವನು ಯಾರು ಬೀದಿಯಲ್ಲಿ ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ದುಡ್ಡು ಕೊಡುತ್ತಾನೆ. ಸುಮ್ಮನೆ ನೋಟಿಸ್ ಕಳಿಸುವವರಿಗೆ ಕೊಡುವುದಿಲ್ಲ. ಕೊನೆಗೆ ಮನೆ ಹೋಗುವುದು ಆ ನೋಟಿಸಿನಿಂದಲೇ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಮನಸ್ಸಿನ ಮಾತನ್ನೂ ಲೆಕ್ಕದ ಮಾತನ್ನೂ ಬೇರೆ ಬೇರೆ ಮಾಡಿಲ್ಲ.

ಎಲ್ಲಕ್ಕಿಂತ ಮೊದಲು: ಜೀವ

"ಇನ್ನು ಬದುಕಿ ಏನು ಪ್ರಯೋಜನ" ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ ಕೆಳಗಿನದನ್ನೆಲ್ಲ ಆಮೇಲೆ ಓದಿ. ಈಗ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತುರ್ತು ಅನಿಸಿದರೆ 112.

ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸುಮ್ಸುಮ್ನೆ ಸಿಟ್ಟು ಬರುತ್ತಿದೆ ಅಂದರೆ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ. ಚೀಟಿ ಮಾಡಿಸಿ ಮನೋವೈದ್ಯರ ವಿಭಾಗ ಎಲ್ಲಿ ಅಂತ ಕೇಳಿ. "ಸಾಲದ ಚಿಂತೆ, ನಿದ್ದೆ ಬರ್ತಿಲ್ಲ" ಅಂದರೆ ಸಾಕು. ಇಷ್ಟಕ್ಕೆಲ್ಲ ಆಸ್ಪತ್ರೆಗೆ ಹೋಗಬೇಕಾ ಅನಿಸಬಹುದು. ಹೋಗಬೇಕು. ನಿದ್ದೆಗೆಟ್ಟ ತಲೆಯಲ್ಲಿ ಮಾಡಿದ ಒಂದು ಸಹಿ ಮನೆಯನ್ನೇ ತೆಗೆಯುತ್ತದೆ.

ಮನೆಯವರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ಹೊಲಕ್ಕೆ ಹೊಡೆಯುವ ಔಷಧಿ, ಇಲಿ ಪಾಷಾಣ ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ, ಬೀಗ ಹಾಕಿಸಿ. ಕೆಟ್ಟ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿಗೆ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. "ನಾನು ಹೋದರೆ ಸಾಲ ತೀರುತ್ತೆ" ಅಂತ ಅವರು ಅಂದರೆ ಅದು ನಿಜ ಅಲ್ಲ ಅಂತ ಹೇಳಿ. ಜೊತೆಗೆ ಸಹಿ ಹಾಕಿದ ಹೆಂಡತಿ, ಜಾಮೀನು ನಿಂತ ಸ್ನೇಹಿತ, ಅಡ ಇಟ್ಟ ಮನೆ, ಇವುಗಳ ಮೇಲಿನ ಸಾಲ ಹಾಗೇ ಉಳಿಯುತ್ತದೆ. ಮಾತಾಡುವವರು ಮಾತ್ರ ಒಬ್ಬರು ಕಡಿಮೆ.

ಹೆಜ್ಜೆ 1: ಪಟ್ಟಿ ಬರೆಯಿರಿ, ಒಂದನ್ನೂ ಬಿಡದೆ

ಮಕ್ಕಳ ನೋಟ್‌ಬುಕ್ ಒಂದು ಸಾಕು. ಪ್ರತಿ ಸಾಲಕ್ಕೂ ಒಂದು ಪುಟ. ಯಾರಿಂದ, ಅಸಲು ಎಷ್ಟು, ಇಲ್ಲಿಯವರೆಗೆ ಕೊಟ್ಟಿದ್ದು ಎಷ್ಟು, ಬಡ್ಡಿ ಎಷ್ಟು, ಏನು ಅಡ ಇಟ್ಟಿದ್ದೀರಿ, ಯಾರ್ಯಾರು ಸಹಿ ಹಾಕಿದ್ದಾರೆ, ಖಾಲಿ ಚೆಕ್ ಅಥವಾ ಪ್ರೋನೋಟ್ ಕೊಟ್ಟಿದ್ದೀರಾ.

ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳೋಣ. ಮೈಸೂರಿನ ಮೇಟಗಳ್ಳಿ ಕಡೆ ವೆಲ್ಡಿಂಗ್ ಶಾಪ್ ಇಟ್ಟವರು ಒಬ್ಬರು. ಮನೆ ಮೇಲೆ ಬ್ಯಾಂಕ್ ಸಾಲ 8 ಲಕ್ಷ. ಒಡವೆ ಸಾಲ 2 ಲಕ್ಷ. ಹೆಂಡತಿಯ ಹೆಸರಲ್ಲಿ ಎರಡು ಸಂಘದ ಸಾಲ (ಹೆಂಗಸರ ಗುಂಪಿಗೆ ಮೈಕ್ರೋಫೈನಾನ್ಸ್ ಕಂಪನಿ ಕೊಡುವುದು), 60 ಸಾವಿರ ಮತ್ತು 45 ಸಾವಿರ. ಕ್ರೆಡಿಟ್ ಕಾರ್ಡ್ 90 ಸಾವಿರ. ಎತ್ತಿಕೊಂಡ ಚೀಟಿಯಲ್ಲಿ ಇನ್ನೂ ಕಟ್ಟಬೇಕಾದ್ದು 40 ಸಾವಿರ. ಭಾವನ ಹತ್ತಿರ ಕೈಸಾಲ ಒಂದೂವರೆ ಲಕ್ಷ. ಕೊನೆಯ ಪುಟದಲ್ಲಿ, ಬೇರೆ ಪುಟಗಳಿಗಿಂತ ಸಣ್ಣ ಅಕ್ಷರದಲ್ಲಿ, ಮೀಟರ್ ಬಡ್ಡಿ ಸಾಲ 1 ಲಕ್ಷ. ನೂರಕ್ಕೆ ತಿಂಗಳಿಗೆ 10 ರೂಪಾಯಿ. ಒಟ್ಟು 14 ಲಕ್ಷ 85 ಸಾವಿರ. ಮನೆಯಲ್ಲಿ ಹೇಳಿದ್ದು "ಹತ್ತತ್ತಿರ ಹತ್ತು ಲಕ್ಷ".

ಈಗ ಆ ಕೊನೆಯ ಪುಟ ನೋಡಿ. 14 ತಿಂಗಳಿಂದ ತಿಂಗಳಿಗೆ 10 ಸಾವಿರ ಕೊಟ್ಟಿದ್ದಾರೆ. ಅಂದರೆ 1 ಲಕ್ಷ 40 ಸಾವಿರ. ಅಸಲು ಹಾಗೇ ಇದೆ. ಯಾಕೆ ತಪ್ಪದೆ ಕೊಟ್ಟರು? ಆ ಸಾಲ ಕೊಟ್ಟ ಮನುಷ್ಯ ಸಂಜೆ ಹೊತ್ತು ಬೈಕ್ ತಂದು ಮನೆ ಮುಂದೆ ನಿಲ್ಲಿಸಿ ಅದರ ಮೇಲೆ ಕೂರುತ್ತಾನೆ. ಜೋರು ಮಾತಿಲ್ಲ. ಸುಮ್ನೆ ಕೂತಿರುತ್ತಾನೆ. ಎದುರು ಮನೆಯವರು ನೋಡುತ್ತಾರೆ. ಅಷ್ಟು ಸಾಕಾಯಿತು. ಅದೇ ವೇಳೆ ಮನೆ ಸಾಲದ ಮೂರು ಕಂತು ತಪ್ಪಿತು. 90 ದಿನ ಬಾಕಿ ಉಳಿದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ವಸೂಲಾಗದ ಸಾಲ.

ಪಟ್ಟಿ ಬರೆಯುವಾಗ ಕೈ ತಡೆಯುವುದು ದೊಡ್ಡ ಸಾಲಕ್ಕೆ ಅಲ್ಲ. ಗುಟ್ಟಿನ ಸಾಲಕ್ಕೆ. ಮಗಳ ಕಾಲೇಜ್ ಫೀಸಿಗೆ ಅಂತ ತಂದು ಬೇರೆಯದಕ್ಕೆ ಖರ್ಚಾದ ದುಡ್ಡು. ಆನ್‌ಲೈನ್ ಆಟದಲ್ಲಿ ಹೋದದ್ದು. ಹೆಂಗಸರಲ್ಲಿ ಇದು ಬೇರೆ ರೂಪ ತಾಳುತ್ತದೆ. ಮಾಂಗಲ್ಯದ ಸರ ಅಡಕ್ಕೆ ಹೋಗಿ ವರ್ಷವಾಗಿರುತ್ತದೆ, ಕುತ್ತಿಗೆಯಲ್ಲಿರುವುದು ಒಂದು ಗ್ರಾಂ ಗೋಲ್ಡ್, ಗಂಡನಿಗೆ ಗೊತ್ತಿಲ್ಲ. ಮುಂದೆ ಕೋರ್ಟಿಗೆ ದಿವಾಳಿ ಅರ್ಜಿ ಹಾಕಬೇಕಾದರೆ ಕಾನೂನು ಕೇಳುವುದು ಇದೇ ಪಟ್ಟಿಯನ್ನ. ಸಾಲ ಕೊಟ್ಟ ಎಲ್ಲರ ಹೆಸರು, ವಿಳಾಸ, ಮೊತ್ತ, ನಿಮ್ಮ ಎಲ್ಲ ಆಸ್ತಿ. ಅಲ್ಲಿ ಬಚ್ಚಿಟ್ಟರೆ ಶಿಕ್ಷೆ ಇದೆ. ಹೇಗೂ ಒಂದು ದಿನ ಜಡ್ಜ್ ಮುಂದೆ ಇಡಬೇಕಾದದ್ದನ್ನ ಇವತ್ತು ಅಡುಗೆಮನೆಯಲ್ಲಿ ಕೂತು ಬರೆದುಕೊಳ್ಳಿ.

ಹೆಜ್ಜೆ 2: ಒಬ್ಬರಿಗೆ ಹೇಳಿ, ಪೂರ್ತಿ ಹೇಳಿ

ಊರಿಗೆಲ್ಲ ಹೇಳಬೇಕಿಲ್ಲ. ಒಬ್ಬರು ಸಾಕು. ಆದರೆ ಪೂರ್ತಿ ಹೇಳಬೇಕು. ಇವತ್ತು 3 ಲಕ್ಷ, ಮುಂದಿನ ವಾರ "ಇನ್ನೊಂದು ಇದೆ", ಆಮೇಲೆ "ಅದೊಂದು ಮರೆತಿದ್ದೆ" ಅಂತ ಕಂತಿನಲ್ಲಿ ಹೇಳಿದರೆ ಸಾಲಕ್ಕಿಂತ ಜಾಸ್ತಿ ಸುಳ್ಳು ನೋಯಿಸುತ್ತದೆ. ನಾನು ನೋಡಿದ ಮನೆಗಳಲ್ಲಿ ಜಗಳ ದುಡ್ಡಿನದಾಗಿದ್ದಕ್ಕಿಂತ "ನನಗೆ ಯಾಕೆ ಹೇಳಲಿಲ್ಲ" ಅನ್ನುವುದರದ್ದೇ ಜಾಸ್ತಿ.

ಮದುವೆಯಾಗಿದ್ದರೆ ಆ ಒಬ್ಬರು ಸಾಮಾನ್ಯವಾಗಿ ಹೆಂಡತಿ ಅಥವಾ ಗಂಡ. ಮಕ್ಕಳು ಮಲಗಿದ ಮೇಲೆ, ನೋಟ್‌ಬುಕ್ ಮುಂದಿಟ್ಟುಕೊಂಡು ಮಾತಾಡಿ. "ಇದನ್ನ ಒಂದು ಸಲ ಪೂರ್ತಿ ಓದು. ಓದೋವರೆಗೂ ನಾನು ಏನೂ ಹೇಳಲ್ಲ. ಆಮೇಲೆ ಬೈಯಿ" ಅನ್ನಿ. ಬಾಯಲ್ಲಿ ಹೇಳಲು ಹೊರಟರೆ ಅರ್ಧಕ್ಕೆ ನಿಲ್ಲುತ್ತದೆ. ಪುಟ ಅರ್ಧಕ್ಕೆ ನಿಲ್ಲುವುದಿಲ್ಲ. ಬೈಗುಳ ಬರುತ್ತದೆ, ಅಳು ಬರುತ್ತದೆ. ಆ ರಾತ್ರಿ ಯಾವ ತೀರ್ಮಾನವೂ ಬೇಡ.

ಕೆಲವರಿಗೆ ಮನೆಯೊಳಗೆ ಹೇಳೋದು ಅಪಾಯ. ಗಂಡ ಹೊಡೆಯುವವನಾದರೆ ಮೊದಲು ಅಮ್ಮನಿಗೋ ಅಕ್ಕನಿಗೋ ಹೇಳಿ. ಮಹಿಳಾ ಸಹಾಯವಾಣಿ 181 ಇದೆ. ಒಂಟಿಯಾಗಿರುವವರು ಹಳೆಯ ಸ್ನೇಹಿತರಲ್ಲಿ ಒಬ್ಬರನ್ನ ಆರಿಸಿಕೊಳ್ಳಿ. ಯಾರನ್ನ ಆರಿಸಬಾರದು ಅನ್ನೋದೂ ಮುಖ್ಯ. ಸಾಲ ಕೊಟ್ಟವರೇ ಆಗಿರಬಾರದು, ಜಾಮೀನು ನಿಂತವರಾಗಿರಬಾರದು, "ನಾನು ಬೇರೆ ಕಡೆ ಕೊಡಿಸ್ತೀನಿ ಬಿಡು" ಅನ್ನುವವರಂತೂ ಆಗಲೇಬಾರದು.

ಸ್ವಲ್ಪ ತಿಳಿವಳಿಕೆ ಬಂದ ಮಕ್ಕಳಿದ್ದರೆ ಮೊತ್ತ ಹೇಳಬೇಡಿ, ಸಂಗತಿ ಹೇಳಿ. "ಅಪ್ಪನ ಅಂಗಡಿ ನಷ್ಟದಲ್ಲಿದೆ. ಈ ವರ್ಷ ಖರ್ಚು ಕಡಿಮೆ. ನಿನ್ನಿಂದ ಆದದ್ದಲ್ಲ." ಹೇಳದಿದ್ದರೂ ಅವರಿಗೆ ಗೊತ್ತಿರುತ್ತದೆ. ಬಾಗಿಲು ಬಡಿದಾಗ "ಅಪ್ಪ ಇಲ್ಲ ಅನ್ನು" ಅಂತ ಕಳಿಸಿರುತ್ತೀವಲ್ಲ, ಅವತ್ತೇ ಗೊತ್ತಾಗಿರುತ್ತದೆ. ಆ ಕೆಲಸ ಮಾತ್ರ ಮಕ್ಕಳಿಂದ ಮಾಡಿಸಬೇಡಿ.

ಹೆಜ್ಜೆ 3: ಯಾರಿಗೆ ಮೊದಲು, ಯಾರಿಗೆ ಆಮೇಲೆ

ಕೈಗೆ ಬರುವ ದುಡ್ಡಲ್ಲಿ ಮೊದಲು ರೇಷನ್, ಮನೆ ಬಾಡಿಗೆ, ಕರೆಂಟ್ ಬಿಲ್, ಔಷಧಿ, ಮಕ್ಕಳ ಫೀಸು. ಇದಕ್ಕೆ ನಾಚಿಕೊಳ್ಳಬೇಡಿ. "ಸಾಲ ಇಟ್ಕೊಂಡು ಕೋಳಿ ತರ್ತಾನೆ" ಅಂತ ಯಾರೋ ಅನ್ನುತ್ತಾರೆ. ಅನ್ನಲಿ. ನಂತರ ಅಡ ಇರುವ ಸಾಲ, ಯಾಕೆಂದರೆ ಅಲ್ಲಿ ಮನೆ ಅಥವಾ ಒಡವೆ ಕೈಬಿಡುತ್ತದೆ. ಒಡವೆಗೆ ಹರಾಜಿನ ನೋಟಿಸ್ ಬಂದಿದ್ದರೆ ಬಡ್ಡಿ ಕಟ್ಟಿ ನವೀಕರಣ ಮಾಡಿಸಲು ಆಗುತ್ತದಾ ಕೇಳಿ. ಆಗದಿದ್ದರೆ ನೀವೇ ಬಿಡಿಸಿ ಮಾರುವುದು ಎಷ್ಟೋ ಸಲ ಲಾಭ. ಉಳಿದ ಸಾಲಗಳು ಆಮೇಲೆ.

ಮೂರು ಕೆಲಸ ಮಾಡಬಾರದು. ಸಾಲ ತೀರಿಸಲು ಹೊಸ ಸಾಲ ಮಾಡಬಾರದು, ಅದರಲ್ಲೂ ಮೊಬೈಲ್ ಆ್ಯಪ್ ಸಾಲ. ಸೈಟನ್ನ ಭಾಮೈದನ ಹೆಸರಿಗೆ ಬರೆದು "ಉಳಿಸಿಕೊಂಡೆ" ಅಂದುಕೊಳ್ಳಬಾರದು. ದಿವಾಳಿ ಅರ್ಜಿಗೆ ಹಿಂದಿನ 2 ವರ್ಷದೊಳಗೆ ಸರಿಯಾದ ಬೆಲೆ ಪಡೆಯದೆ ಬರೆದುಕೊಟ್ಟ ಆಸ್ತಿಯನ್ನ ಕೋರ್ಟ್ ವಾಪಸ್ ತರಿಸಬಹುದು, ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಮೂರನೆಯದು ಮರ್ಯಾದಸ್ಥರೇ ಮಾಡುವ ತಪ್ಪು. ಬೇರೆಯವರಿಗೆ ಏನಾದರಾಗಲಿ ಅಂತ ಇದ್ದದ್ದನ್ನೆಲ್ಲ ಒಟ್ಟು ಮಾಡಿ ಭಾವನ ಕೈಸಾಲ ತೀರಿಸಿಬಿಡುತ್ತಾರೆ. ಅರ್ಜಿಗೆ ಮುಂಚಿನ 3 ತಿಂಗಳಲ್ಲಿ ಒಬ್ಬರಿಗೆ ಮಾತ್ರ ಹೀಗೆ ಕೊಟ್ಟಿದ್ದರೆ ಅದನ್ನೂ ಕೋರ್ಟ್ ಪ್ರಶ್ನಿಸಬಹುದು. ಕೊನೆಗೆ ಭಾವನೂ ಕೋರ್ಟಿಗೆ ಅಲೆಯಬೇಕು.

ಭಾವನಿಗೆ ದುಡ್ಡಿಗಿಂತ ಮೊದಲು ಮಾತು ಬೇಕು. ಮನೆಗೇ ಹೋಗಿ, ಫೋನಲ್ಲಿ ಬೇಡ. "ಭಾವ, ನಿಮ್ಮ ಒಂದೂವರೆ ಲಕ್ಷ ಈಗ ಕೊಡೋಕೆ ಆಗಲ್ಲ. ಊರು ಬಿಡಲ್ಲ, ಫೋನ್ ಆಫ್ ಮಾಡಲ್ಲ. ಎಲ್ಲರ ಸಾಲಕ್ಕೂ ಒಂದು ದಾರಿ ಮಾಡ್ತಿದೀನಿ, ಅದರಲ್ಲಿ ನಿಮ್ಮದೂ ಇದೆ." ಅವರು ಸಿಟ್ಟಾಗಬಹುದು. ಸಿಟ್ಟಾಗುವ ಹಕ್ಕು ಅವರಿಗಿದೆ. ಆದರೆ ತಾರೀಖು ಹೇಳಬೇಡಿ. "ಯುಗಾದಿ ಕಳೀಲಿ" ಅಂತ ಹೇಳಿ ತಪ್ಪಿದರೆ ಮುಂದಿನ ಸಲ ಆ ಮನೆ ಮೆಟ್ಟಿಲು ಹತ್ತಲಾಗುವುದಿಲ್ಲ.

ಹೆಜ್ಜೆ 4: ಬಾಗಿಲಿಗೆ ಬರುವವರನ್ನ ಎದುರಿಸುವುದು

ಫೋನ್ ಆಫ್ ಮಾಡಬೇಡಿ. ಎತ್ತಿ, ಒಂದೇ ಮಾತು ಹೇಳಿ: "ಈ ತಿಂಗಳು ಕಟ್ಟೋಕೆ ಆಗಲ್ಲ. ನನ್ನ ಸ್ಥಿತಿ ಬರೆದು ಬ್ಯಾಂಕಿಗೆ ಕೊಡ್ತೀನಿ. ಮಾತಾಡೋದಿದ್ದರೆ ಬರವಣಿಗೆಯಲ್ಲಿ ಕಳಿಸಿ." ವಾದ ಬೇಡ, ಕ್ಷಮೆ ಕೇಳುತ್ತಾ ಕೂರೋದೂ ಬೇಡ. ಯಾರು, ಯಾವಾಗ, ಏನಂದರು ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯಿರಿ. ಬೆದರಿಸಿದರೆ ಕಾಲ್ ರೆಕಾರ್ಡ್ ಇಟ್ಟುಕೊಳ್ಳಿ.

ನಿಯಮಗಳು ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಬ್ಯಾಂಕ್ ಮತ್ತು ಫೈನಾನ್ಸ್ ಕಂಪನಿಗಳ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಸಾಲದ ವಿಷಯಕ್ಕೆ ಫೋನ್ ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿ: ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ವಸೂಲಿ ಮೊದಲೇ ಗೊತ್ತು ಮಾಡಿಕೊಂಡ ಜಾಗದಲ್ಲಿ ಆಗಬೇಕು. ಎರಡು ಸಲ ಸತತವಾಗಿ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ನೆಂಟರಿಗೆ, ಜೊತೆ ಕೆಲಸಗಾರರಿಗೆ ಫೋನ್ ಮಾಡಿ ಮಾನ ಕಳೆಯುವುದು, ಬೈಯುವುದು, ಬೆದರಿಸುವುದು ಎಲ್ಲವೂ ನಿಷಿದ್ಧ.

ಸಂಘದ ಸಾಲದಲ್ಲಿ ಕಷ್ಟ ಬೇರೆ. ಅಲ್ಲಿ ಏಜೆಂಟ್‌ಗಿಂತ ಪಕ್ಕದ ಮನೆಯವರೇ ವಸೂಲಿಯವರಾಗುತ್ತಾರೆ. ವಾರದ ಮೀಟಿಂಗಿನಲ್ಲಿ ಒಬ್ಬರ ಕಂತು ಬರದಿದ್ದರೆ ಉಳಿದವರನ್ನ ಏಳಲು ಬಿಡುವುದಿಲ್ಲ. ಒಲೆ ಮೇಲೆ ಅನ್ನ ಇಟ್ಟು ಬಂದ ಹೆಂಗಸರ ಕಣ್ಣೆಲ್ಲ ಒಬ್ಬಳ ಮೇಲೆ ಇರುತ್ತದೆ. ಇಲ್ಲಿ ನಾಚಿಕೆಯನ್ನೇ ಅಡ ಇಟ್ಟುಕೊಂಡಿದ್ದಾರೆ ಅಂತ ನನಗನಿಸುತ್ತದೆ. ಮೀಟಿಂಗಿಗೆ ಮುಂಚೆಯೇ ಆ ಹೆಂಗಸರ ಮನೆಗೆ ಒಂದೊಂದಾಗಿ ಹೋಗಿ "ಅಕ್ಕ, ಮುಂದಿನ ವಾರದಿಂದ ನನ್ನ ಕೈಲಿ ಆಗಲ್ಲ" ಅಂತ ಹೇಳಿಬಿಡಿ. ಬಹುಪಾಲು ಮನೆಗಳಲ್ಲಿ ಬರುವ ಉತ್ತರ "ನಮ್ಮದೂ ಅದೇ ಕಥೆ ಕಣಮ್ಮ". ಹಾಗೆ ಬಂದರೆ ಎಲ್ಲರೂ ಸೇರಿ ಕಂತು ಕಡಿಮೆ ಮಾಡಿಸಲು ಕಂಪನಿಗೆ ಅರ್ಜಿ ಕೊಡಬಹುದು. ವರ್ಷಕ್ಕೆ 3 ಲಕ್ಷದವರೆಗೆ ಆದಾಯದ ಮನೆಗೆ ಕೊಡುವ ಈ ಸಾಲದಲ್ಲಿ ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ. ಮೀರಿದ ಮೇಲೂ ಕೊಟ್ಟಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ.

ಕಂಪನಿಯ ದೂರು ಅಧಿಕಾರಿಗೆ ಮೊದಲು ಬರೆದು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು, ಮಾಹಿತಿಗೆ 14448. ಆ್ಯಪ್‌ನವರು ಫೋಟೋ ತಿದ್ದಿ ಕಳಿಸುತ್ತೇವೆ ಅಂದರೆ 1930ಕ್ಕೆ ಫೋನ್ ಮಾಡಿ.

ಇನ್ನು ಬೈಕ್ ಮೇಲೆ ಕೂರುವ ಮೀಟರ್ ಬಡ್ಡಿಯವನು. ಲೇವಾದೇವಿ ಲೈಸೆನ್ಸ್ ಇದ್ದವರೂ ವರ್ಷಕ್ಕೆ ಅಡ ಇರುವ ಸಾಲಕ್ಕೆ ಶೇ 14, ಅಡ ಇಲ್ಲದ್ದಕ್ಕೆ ಶೇ 16 ದಾಟುವಂತಿಲ್ಲ. ಅವನದು ಶೇ 120. ಅತಿ ಬಡ್ಡಿ ವಸೂಲಿಯನ್ನ ನಿಷೇಧಿಸಿದ ಕಾಯ್ದೆ 2004ರಿಂದ ನಮ್ಮ ರಾಜ್ಯದಲ್ಲಿದೆ. 2025ರ ಜನವರಿಯಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ನೆನಪಿರಬೇಕು. ಅದಾದ ಮೇಲೆ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ನಂತರ ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದಂತೆ. ಪೊಲೀಸರು ದೂರು ತಗೊಳ್ಳಲ್ಲ ಅನ್ನುವಂತಿಲ್ಲ. ಆದರೆ ಒಂದು ತಪ್ಪು ತಿಳಿವಳಿಕೆ ಹಳ್ಳಿಗಳಲ್ಲಿ ಓಡಾಡುತ್ತಿದೆ, ಎಲ್ಲ ಸಂಘದ ಸಾಲ ಮನ್ನಾ ಅಂತ. ಹಾಗಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿ ಮತ್ತು ಬ್ಯಾಂಕುಗಳ ಸಾಲ ಹಾಗೇ ಇದೆ.

ಹೆಜ್ಜೆ 5: ಹೆದರಿಕೆಗಳನ್ನ ಒಂದೊಂದಾಗಿ ನೋಡಿ

"ಜೈಲಿಗೆ ಹಾಕ್ತಾರಾ?" ಎಲ್ಲರೂ ಕೇಳುವ ಪ್ರಶ್ನೆ. ಸಾಲ ತೀರಿಸಲು ಆಗದಿರುವುದು ಅಪರಾಧ ಅಲ್ಲ. ಸಿವಿಲ್ ಕೋರ್ಟಿನ ಡಿಕ್ರಿ, ಅಂದರೆ ದುಡ್ಡು ಕೊಡಬೇಕು ಅನ್ನುವ ತೀರ್ಪು, ಆದ ಮೇಲೆ, ದುಡ್ಡಿದ್ದೂ ಬೇಕಂತಲೇ ಕೊಡದವರನ್ನ ಸಿವಿಲ್ ಜೈಲಿನಲ್ಲಿ ಹೆಚ್ಚೆಂದರೆ 3 ತಿಂಗಳು ಇಡಬಹುದು. ನಿಜವಾಗಿ ಇಲ್ಲದವರನ್ನ ಬಡತನದ ಕಾರಣಕ್ಕೆ ಒಳಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ದುಡ್ಡಿನ ಡಿಕ್ರಿಗೆ ಹೆಂಗಸರನ್ನ ಬಂಧಿಸುವಂತೆಯೇ ಇಲ್ಲ.

ಚೆಕ್ ಮಾತ್ರ ಬೇರೆ ಕಥೆ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು, 2 ವರ್ಷದವರೆಗೆ ಶಿಕ್ಷೆ ಅಥವಾ ಚೆಕ್ಕಿನ ಎರಡು ಪಟ್ಟು ದಂಡ, ಎರಡೂ ಆಗಬಹುದು. ನೋಟಿಸ್ ಕೈಗೆ ಬಂದ ಮೇಲೆ 15 ದಿನ ಇರುತ್ತದೆ. ನಾಚಿಕೆಯಿಂದ ಪೋಸ್ಟ್‌ಮ್ಯಾನ್‌ಗೆ "ಮನೇಲಿಲ್ಲ" ಅನ್ನಿಸುವವರಿದ್ದಾರೆ. ನೋಟಿಸ್ ತಗೊಳ್ಳದೆ ವಾಪಸ್ ಕಳಿಸಿದರೂ ಕೋರ್ಟ್ ತಲುಪಿದಂತೆ ಎಣಿಸಬಹುದು. ತಗೊಂಡು ವಕೀಲರಿಗೆ ತೋರಿಸಿ.

"ಮನೆ ಸಾಮಾನು ಹೊತ್ಕೊಂಡು ಹೋಗ್ತಾರಾ?" ಕೋರ್ಟಿನ ಜಪ್ತಿಯಲ್ಲೂ ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಗಸರು ಧರ್ಮದ ಪ್ರಕಾರ ತೆಗೆಯಬಾರದ ಒಡವೆ, ಕುಶಲಕರ್ಮಿಯ ಉಪಕರಣ, ರೈತನ ನೇಗಿಲು, ಉಳುವ ಎತ್ತು, ಬಿತ್ತನೆ ಬೀಜ ಮುಟ್ಟುವಂತಿಲ್ಲ. ಪಿಎಫ್ ಕೂಡ. ಕೋರ್ಟ್ ಆದೇಶವಿಲ್ಲದೆ ಏಜೆಂಟ್ ಬಂದು ಟಿವಿ ಎತ್ತಿದರೆ ಅದು ಕಳ್ಳತನಕ್ಕೆ ಸಮ, 112ಕ್ಕೆ ಫೋನ್ ಮಾಡಿ.

ಮನೆ ಅಡ ಇದ್ದರೆ ಬ್ಯಾಂಕ್ ಸರ್ಫೇಸಿ ಕಾಯ್ದೆಯಡಿ (ಅಡ ಇಟ್ಟ ಆಸ್ತಿ ವಶಕ್ಕೆ ತಗೊಳ್ಳುವ ಕಾಯ್ದೆ) ಮೊದಲು 60 ದಿನದ ನೋಟಿಸ್ ಕೊಡಬೇಕು. ಆ 60 ದಿನ ಚಿನ್ನ. ಅಷ್ಟರಲ್ಲಿ ಲಿಖಿತ ಆಕ್ಷೇಪಣೆ ಕೊಡಬಹುದು, ಬ್ಯಾಂಕಿನವರ ಜೊತೆ ಕೂತು ಮಾತಾಡಬಹುದು. ವ್ಯವಸಾಯದ ಜಮೀನಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ.

ಹೆಜ್ಜೆ 6: ಕಾನೂನು ನೆರವು ಕೇಳಿ

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಮೈಸೂರು, ಮಂಡ್ಯ ಎರಡೂ ಕಡೆ ಕೋರ್ಟಿಗೆ ಹೋಗಿ ವಿಚಾರಿಸಿದರೆ ತೋರಿಸುತ್ತಾರೆ. ತಾಲ್ಲೂಕು ಕೋರ್ಟುಗಳಲ್ಲೂ ಸಮಿತಿ ಇದೆ. ಫೋನಿಗೆ 15100. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ಆದಾಯ ಕಡಿಮೆ ಇರುವ ಉಳಿದವರಿಗೂ ಸಿಗುತ್ತದೆ.

ಅಲ್ಲಿಗೆ ಹೋಗಲು ಸಂಕೋಚ ಆಗುತ್ತದೆ. ಕೋರ್ಟ್ ಮೆಟ್ಟಿಲಲ್ಲಿ ಪರಿಚಯದವರು ಸಿಕ್ಕರೆ? ಸಿಕ್ಕರೆ ಅವರೂ ಯಾವುದೋ ಕೆಲಸಕ್ಕೆ ಬಂದಿರುತ್ತಾರೆ ಅಲ್ವಾ. ಹೆಜ್ಜೆ 2ರಲ್ಲಿ ಹೇಳಿದ ಆ ಒಬ್ಬರನ್ನ ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಗಂಟಲು ಕಟ್ಟಿದಾಗ ಅವರು ನೋಟ್‌ಬುಕ್ ನೋಡಿ ಹೇಳುತ್ತಾರೆ. ಆಧಾರ್, ಪಾಸ್‌ಬುಕ್, ಬಂದ ನೋಟಿಸ್‌ಗಳು, ಸಾಲದ ಕಾರ್ಡುಗಳು ಒಂದು ಫೈಲಿನಲ್ಲಿರಲಿ.

ಬಹಳ ಜನರಿಗೆ ದಿವಾಳಿ ಅರ್ಜಿಯವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಬ್ಯಾಂಕಿನ ಒಂದೇ ಬಾರಿಯ ಇತ್ಯರ್ಥದಲ್ಲಿ, ಅಂದರೆ ಓಟಿಎಸ್‌ನಲ್ಲಿ, ಬಡ್ಡಿ ಬಿಟ್ಟು ಮುಗಿಸಬಹುದು. ಇಲ್ಲವೇ ಲೋಕ ಅದಾಲತ್. ಅಲ್ಲಿ ರಾಜಿಯಾದರೆ ಅದೇ ಅಂತಿಮ, ಮೇಲ್ಮನವಿ ಇಲ್ಲ, ಕಟ್ಟಿದ್ದ ಕೋರ್ಟ್ ಶುಲ್ಕ ವಾಪಸ್. ಆದರೆ ರಾಜಿಯ ದಿನ ಮರ್ಯಾದೆಗೆ ಅಂಜಿ ಆಗದ ಕಂತಿಗೆ ತಲೆಯಾಡಿಸಬೇಡಿ. ತಿಂಗಳಿಗೆ 4 ಸಾವಿರ ಕೊಡಬಲ್ಲವರು 4 ಸಾವಿರ ಅಂತಲೇ ಹೇಳಬೇಕು. ಒಪ್ಪಂದ ಮುಗಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ಮತ್ತು ಕೊಟ್ಟಿದ್ದ ಖಾಲಿ ಚೆಕ್‌ಗಳನ್ನ ವಾಪಸ್ ಕೇಳಿ ಪಡೆಯಿರಿ.

ಹೆಜ್ಜೆ 7: ದಿವಾಳಿ ಅರ್ಜಿ ಹಾಕಲೇಬೇಕಾದರೆ

2016ರ ದಿವಾಳಿ ಸಂಹಿತೆಯ ಬಗ್ಗೆ ಕೇಳಿರುತ್ತೀರಿ. ಅದರಲ್ಲಿ ಸಾಮಾನ್ಯ ಜನರ ಭಾಗ, ಕಂಪನಿ ಸಾಲಕ್ಕೆ ಜಾಮೀನು ನಿಂತವರನ್ನ ಬಿಟ್ಟು, ಜಾರಿಗೆ ಬಂದಿಲ್ಲ. ಹಾಗಾಗಿ ನಮ್ಮ ಜಿಲ್ಲೆಗಳಲ್ಲಿ ಈಗಲೂ ನಡೆಯುವುದು 1920ರ ಪ್ರಾವಿನ್ಷಿಯಲ್ ಇನ್‌ಸಾಲ್ವೆನ್ಸಿ ಕಾಯ್ದೆ. ಎಷ್ಟು ಹಳೆಯದು ಅಂದರೆ, ಸಾಲ 500 ರೂಪಾಯಿ ಮುಟ್ಟಿದ್ದರೆ ಅರ್ಜಿ ಹಾಕಬಹುದು ಅಂತ ಮೂಲ ಕಾಯ್ದೆಯಲ್ಲಿದೆ.

ಅರ್ಜಿಯಲ್ಲಿ ತೀರಿಸಲಾಗದ ಸ್ಥಿತಿ, ಸಾಲ ಕೊಟ್ಟವರ ಪಟ್ಟಿ, ಆಸ್ತಿಯ ಪಟ್ಟಿ ಇರಬೇಕು. ಕೋರ್ಟ್ ಸಾಲ ಕೊಟ್ಟವರಿಗೆಲ್ಲ ನೋಟಿಸ್ ಕಳಿಸಿ ವಿಚಾರಣೆ ಮಾಡುತ್ತದೆ. ಒಪ್ಪಿ ದಿವಾಳಿ ಅಂತ ಘೋಷಿಸಿದರೆ ನಿಮ್ಮ ಆಸ್ತಿ ಕೋರ್ಟ್ ಅಥವಾ ಅದು ನೇಮಿಸುವ ರಿಸೀವರ್ ವಶಕ್ಕೆ ಹೋಗುತ್ತದೆ. ಜಪ್ತಿಯಿಂದ ವಿನಾಯಿತಿ ಇರುವ ವಸ್ತುಗಳು ನಿಮ್ಮಲ್ಲೇ ಉಳಿಯುತ್ತವೆ. ಅಲ್ಲಿಂದ ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ಲದೆ ಆ ಸಾಲಗಳಿಗೆ ಹೊಸ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆ ಕೊಡಿ ಅಂತಲೂ ಕೇಳಬಹುದು. ಕೋರ್ಟ್ ಕೊಟ್ಟ ಅವಧಿಯೊಳಗೆ ಸಾಲದಿಂದ ಬಿಡುಗಡೆಗೆ ಇನ್ನೊಂದು ಅರ್ಜಿ ಹಾಕಬೇಕು. ಇದನ್ನ ಮರೆತರೆ ಘೋಷಣೆಯೇ ರದ್ದಾಗಬಹುದು. ಡೈರಿಯಲ್ಲಿ ದೊಡ್ಡದಾಗಿ ಬರೆದಿಡಿ.

ಇದರಿಂದ ತಪ್ಪಿಸಿಕೊಳ್ಳಲಾಗದ್ದೂ ಇದೆ. ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಉಳಿಯುತ್ತವೆ. ಅಡ ಇಟ್ಟುಕೊಂಡ ಬ್ಯಾಂಕ್ ಆ ಮನೆಯ ಮೇಲಿನ ಹಕ್ಕು ಬಿಡುವುದಿಲ್ಲ. ಚೆಕ್ ಬೌನ್ಸ್ ಕೇಸೂ ತಾನಾಗಿ ನಿಲ್ಲುವುದಿಲ್ಲ. ಬಿಡುಗಡೆ ಆಗುವವರೆಗೆ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಲು ತೊಡಕಿದೆ.

ಮುಖ್ಯವಾಗಿ, ನಿಮಗೆ ಬಿಡುಗಡೆಯಾದರೂ ಜಾಮೀನುದಾರನಿಗೆ ಆಗುವುದಿಲ್ಲ. ಅರ್ಜಿ ಹಾಕಿದ ಸುದ್ದಿ ಅವನಿಗೆ ಕೋರ್ಟ್ ನೋಟಿಸಿನಿಂದ ಗೊತ್ತಾಗಬಾರದು. ಅರ್ಜಿಗೆ ಮುಂಚೆಯೇ ಹೋಗಿ ಹೇಳಿ, ಅವನೂ ವಕೀಲರನ್ನ ಕಾಣಲಿ. ಇಡೀ ಪ್ರಕ್ರಿಯೆಯಲ್ಲಿ ಅತಿ ಕಷ್ಟದ ಭೇಟಿ ಇದು ಅಂತ ನನ್ನ ಎಣಿಕೆ. ಇದನ್ನ ತಪ್ಪಿಸಿಕೊಂಡವರ ಗೆಳೆತನ ಉಳಿದದ್ದನ್ನ ನಾನು ನೋಡಿಲ್ಲ.

ಹೆಜ್ಜೆ 8: ಊರಲ್ಲೇ ಇದ್ದು ಬದುಕುವುದು

ಸುದ್ದಿ ಹರಡುತ್ತದೆ. ಹೋಟೆಲಿನಲ್ಲಿ, ಹಾಲಿನ ಡೈರಿ ಮುಂದೆ ನಾಲ್ಕು ದಿನ ಮಾತಾಗುತ್ತದೆ. ಆಮೇಲೆ ನಾಲೆಗೆ ನೀರು ಬಿಟ್ಟಿಲ್ಲ, ಕಬ್ಬಿನ ಬಿಲ್ ಬಂದಿಲ್ಲ ಅನ್ನುವ ಮಾತು ಬರುತ್ತದೆ. ಆ ನಾಲ್ಕು ದಿನ ಮನೆಯೊಳಗೆ ಕೂರಬೇಡಿ. ಹಾಲು ಹಾಕಲು ಹೋಗುತ್ತಿದ್ದರೆ ಹೋಗಿ. ಯಾರಾದರೂ ಬಾಯಿಬಿಟ್ಟು ಕೇಳಿದರೆ ಒಂದೇ ವಾಕ್ಯ: "ಹೌದು, ವ್ಯಾಪಾರ ಕೈ ಕೊಡ್ತು, ಕೋರ್ಟಲ್ಲಿ ಇತ್ಯರ್ಥ ಮಾಡ್ಕೋತಿದೀನಿ." ಅದಕ್ಕೆ ಮುಂದಕ್ಕೆ ಸೇರಿಸಬೇಡಿ. ವಿವರಣೆ ಉದ್ದವಾದಷ್ಟೂ ಪ್ರಶ್ನೆ ಜಾಸ್ತಿ.

ಮದುವೆ, ಗೃಹಪ್ರವೇಶಗಳಿಗೆ ಹೋಗುವುದು ಬಿಡಬೇಡಿ. ಮುಯ್ಯಿ ಮಾಡಲು ಆಗಲ್ಲ ಅಂತಲೇ ಎಷ್ಟೋ ಜನ ಬಿಡುತ್ತಾರೆ. 101 ರೂಪಾಯಿ ಕವರಲ್ಲಿ ಹಾಕಿ ಕೊಡಿ, ಇಲ್ಲವೇ ಹಿಂದಿನ ದಿನ ಹೋಗಿ ಚಪ್ಪರಕ್ಕೋ ಅಡುಗೆಗೋ ಕೈ ಹಾಕಿ. ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ ಕೊಡುವುದಿದ್ದರೆ ಸೀರೆ ಇಲ್ಲದೆ ಬರೀ ಅರಿಶಿನ ಕುಂಕುಮ, ಬಳೆ ಇಟ್ಟು ಕೊಟ್ಟರೂ ನಡೆಯುತ್ತದೆ. ಮೊದಲೇ ಫೋನ್ ಮಾಡಿ "ಈ ಸಲ ಇಷ್ಟೇ ಕಣವ್ವ" ಅಂದುಬಿಡಿ, ಅವಳು ಗಂಡನ ಮನೆಯಲ್ಲಿ ಇರಿಸುಮುರಿಸು ಪಡುವುದು ತಪ್ಪುತ್ತದೆ.

ಕೆಲಸದ ವಿಷಯದಲ್ಲಿ ಮರ್ಯಾದೆ ಅಡ್ಡ ಬರುತ್ತದೆ. ಸ್ವಂತ ಶಾಪ್ ನಡೆಸಿದವರಿಗೆ ಇನ್ನೊಬ್ಬರ ಶಾಪಿನಲ್ಲಿ ಕೂಲಿಗೆ ನಿಲ್ಲುವುದು ಕಷ್ಟ. ಪರಿಚಯದವರ ಹತ್ತಿರ ಆಗದಿದ್ದರೆ ನಂಜನಗೂಡು, ಹೂಟಗಳ್ಳಿ ಕಡೆ ಕಾರ್ಖಾನೆಗಳಲ್ಲಿ ಶುರು ಮಾಡಿ. ಮೊದಲ ಸಂಬಳಕ್ಕೆ ಸಾಲದ ಖಾತೆ ಇಲ್ಲದ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಯಿರಿ, ಹಳೆಯ ಖಾತೆಯಾದರೆ ಬಂದ ದುಡ್ಡು ಅಲ್ಲೇ ಸಾಲಕ್ಕೆ ಜಮೆಯಾಗಬಹುದು. ಈ ಹೊಸ ಖಾತೆಯನ್ನೂ ವಕೀಲರಿಗೆ ಹೇಳಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ.